ನೈವೇದ್ಯಕ್ಕೆ ಮುಂಚೆ

೧೪ ಜೂನ್ ೧೯೩೭, ಸೋಮವಾರ. ಮಾಳಮಡ್ಡಿ, ಧಾರವಾಡ

ಇವತ್ತಿನಿಂದ ಸೂಜಿ ಶುರುವಾಯಿತು. ಕಾಲು ಬಾತದ್ದಕ್ಕೆ, ನಾಲ್ಕು ಮೆಟ್ಟಿಲು ಏರಿದರೆ ಬರುವ ಏದುಸಿರಿಗೆ ಹೃದಯದ ಹನಿ ಔಷಧ ಮೊದಲೇ ನಡೆದಿತ್ತು. ಈಗ ಸಕ್ಕರೆ ರೋಗಕ್ಕೆ ಇನ್ಸುಲಿನ್ ಬೇರೆ. ಹುಬ್ಬಳ್ಳಿಯ ಡಾಕ್ಟರ್ ರಮಾಕಾಂತರಾಯರು ಮುಂಬಯಿಯಲ್ಲಿ ಕಲಿತವರು. ವಯಸ್ಸು ನನ್ನ ಮಗ ದತ್ತೂನಷ್ಟೂ ಇರಲಿಕ್ಕಿಲ್ಲ. ಚಿಕ್ಕ ಹುಡುಗಿಗೆ ಹೇಳಿದ ಹಾಗೆ ಹೇಳಿದರು: ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಚುಚ್ಚಿಸಿಕೊಂಡ ಅರ್ಧ ತಾಸಿನೊಳಗೆ ಊಟ, ಉಪ್ಪು ಬೇಡ, ಉಪವಾಸ ಬೇಡ. ನಾನು ಇಂಗ್ಲಿಷ್ ಐದನೆಯ ಇಯತ್ತೆಯವರೆಗೆ ಓದಿದವಳು, ಒಮ್ಮೆ ಹೇಳಿದರೆ ತಿಳಿಯುತ್ತದೆ ಎಂದೆ. ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆ ಔಷಧ ಯಾವ ಪ್ರಾಣಿಯ ಅಂಗದಿಂದ ಮಾಡಿದ್ದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರಿಗೂ ಒಳ್ಳೆಯದಾಯಿತು. ಶೀಶೆಯನ್ನು ಹಸಿ ಉಸುಕು ತುಂಬಿದ ಗಡಿಗೆಯಲ್ಲಿ ಹುಗಿದು ಪಡಸಾಲೆಯ ಮೂಲೆಯಲ್ಲಿ ಇಡಿಸಿದ್ದೇನೆ. ಅಡಿಗೆಮನೆಗೆ ತರಕೂಡದೆಂದು ದತ್ತೂನ ಹೆಂಡತಿಗೆ ಹೇಳಿದ್ದೇನೆ.

ಚುಚ್ಚಲು ಹಾಜರಾಬಿ ಎಂಬ ನರ್ಸ್ ದವಾಖಾನೆಗೆ ಹೋಗುವಾಗ, ಬರುವಾಗ ಬರುತ್ತಾಳೆ. ಸ್ವಚ್ಛ ಹೆಂಗಸು. ಆದರೂ ಅವಳು ಮುಟ್ಟಿದ ಮೇಲೆ ನನಗೆ ಸ್ನಾನವಾಗಬೇಕು. ಆದ್ದರಿಂದ ಬೆಳಿಗ್ಗೆ ಮೊದಲು ಸೂಜಿ, ಆಮೇಲೆ ಸ್ನಾನ, ಮಡಿಯುಟ್ಟು ಜಪ, ವೆಂಕಣ್ಣಾಚಾರ್ಯರು ಬಂದು ಪೂಜೆ, ನೈವೇದ್ಯ, ಕೊನೆಗೆ ಊಟ. ಆಚಾರ್ಯರು ಮನೆ ಮನೆಯ ಪೂಜೆ ಮುಗಿಸುತ್ತ ಬರುವವರು. ಒಮ್ಮೆ ಒಂಬತ್ತಕ್ಕೆ ಬಂದರೆ ಇನ್ನೊಮ್ಮೆ ಹನ್ನೊಂದು ಹೊಡೆದಿರುತ್ತದೆ. ಅರ್ಧ ತಾಸಿನ ಮಾತು ಮುಂಬಯಿಯ ಜನಕ್ಕೆ ಸರಿ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನೈವೇದ್ಯಕ್ಕೆ ಮುಂಚೆ ಅಗುಳು ಬಾಯಿಗೆ ಹಾಕಿದವಳಲ್ಲ ನಾನು. ಆ ಹುಡುಗನಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ.

೨೩ ಜೂನ್

ಜಿಟಿಜಿಟಿ ಮಳೆ. ಮಡಿಸೀರೆ ಒಣಗುವುದಿಲ್ಲ.

ದತ್ತೂನ ಹೆಂಡತಿ ಬಾಗಿಲ ಹಿಂದೆ ನಿಂತು ಡಾಕ್ಟರರ ಮಾತನ್ನೆಲ್ಲ ಕೇಳಿಕೊಂಡಿದ್ದಾಳೆ. ಇವತ್ತು ನನ್ನ ಸ್ನಾನವಾದ ಮೇಲೆ ಮೆಲ್ಲಗೆ ಬಂದು, ನೈವೇದ್ಯದ್ದನ್ನು ಬೇರೆ ತೆಗೆದಿಟ್ಟು ನನಗೆ ಬಡಿಸಲೇ ಎಂದಳು. ದತ್ತೂ ಕಚೇರಿಗೆ ಹೋಗುವಾಗ ಅವನಿಗೆ ಹಾಗೆಯೇ ಬಡಿಸುತ್ತಾಳಂತೆ, ದೇವರೇನೂ ಸಿಟ್ಟಾಗಿಲ್ಲವಂತೆ. ದತ್ತೂ ಸರಕಾರದ ಆಳು, ನಾನು ಅಲ್ಲ ಎಂದೆ. ತಲೆ ತಗ್ಗಿಸಿ ಹೋದಳು. ಅವಳು ತಲೆ ತಗ್ಗಿಸಿದಳೆಂದರೆ ಮಾತು ಒಪ್ಪಿದಳೆಂದು ಅರ್ಥವಲ್ಲ. ಐದು ವರ್ಷದಿಂದ ನೋಡುತ್ತಿದ್ದೇನೆ.

೬ ಜುಲೈ

ಬರೆಯಬೇಕೋ ಬೇಡವೋ ತಿಳಿಯದು. ಬರೆದಿಡುತ್ತೇನೆ.

ಇವತ್ತು ಆಚಾರ್ಯರು ಬಹಳ ತಡಮಾಡಿದರು. ದೇವರ ಮುಂದೆ ಕೂತು ಜಪ ಮಾಡುತ್ತಿದ್ದೆ. ಮೊದಲು ಬೆರಳ ತುದಿ ಜುಮ್ಮೆಂದವು. ಆಮೇಲೆ ಇಡೀ ಮೈ ನಡುಗಿತು. ಹಣೆಯಿಂದ, ಕುತ್ತಿಗೆಯಿಂದ ಬೆವರಿಳಿದು ಸೀರೆ ತೊಯ್ದಿತು, ಈ ಮಳೆಯ ಚಳಿಯಲ್ಲಿ. ಒಂದು ದೀಪ ಎರಡಾಗಿ ಕಂಡಿತು. ಕಣ್ಣಲ್ಲಿ ನೀರು ಬಂತು. ನಾನು ಅಳುವವಳಲ್ಲ. ಯಜಮಾನರು ತೀರಿಹೋದ ದಿನ ಸಹ ನಾಲ್ಕು ಜನರ ಮುಂದೆ ಅತ್ತಿಲ್ಲ.

ಆಚಾರ್ಯರು ಬಂದು ನೋಡಿದವರೇ ಕೈಮುಗಿದರು. ತೀರ್ಥ, ಬಾಳೆಹಣ್ಣಿನ ಪ್ರಸಾದ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಶಾಂತವಾಯಿತು. "ಬಾಯಾರ, ಎಷ್ಟೋ ಮನ್ಯಾಗ ಪೂಜಾ ಮಾಡೇನಿ, ಇಂಥಾದ್ದು ನೋಡಿಲ್ಲ. ನಿಮ್ಮ ಮ್ಯಾಲೆ ಅನುಗ್ರಹ ಆಗೇದ," ಎಂದರು.

ಇಷ್ಟು ವರ್ಷ ಈ ಮನೆಯಲ್ಲಿ ನಾನು ನಡೆಸಿದ ನೇಮ ಯಾರೋ ಒಬ್ಬರ ಕಣ್ಣಿಗೆ ಬಿದ್ದಿತಲ್ಲ.

೨೦ ಜುಲೈ

ವಾರದಲ್ಲಿ ಎರಡು ಮೂರು ಸಲ ಆಗುತ್ತದೆ. ಆಚಾರ್ಯರು ಬೇಗ ಬಂದ ದಿನ ಆಗುವುದಿಲ್ಲ. ದೀರ್ಘ ಜಪ ಬೇಕೆಂದು ಕಾಣುತ್ತದೆ. ಸಂಜೆಯಂತೂ ಒಮ್ಮೆಯೂ ಆಗಿಲ್ಲ. ಸಂಜೆ ಪೂಜೆಯ ಗೊಡವೆಯಿಲ್ಲ, ಸೂಜಿಯಾದ ಕೂಡಲೇ ಅವಲಕ್ಕಿ ತಿಂದುಬಿಡುತ್ತೇನೆ. ಹೊಟ್ಟೆ ತುಂಬಿದವರ ಹತ್ತಿರ ದೇವರು ಏಕೆ ಬಂದಾನು?

ಆಚಾರ್ಯರು ಓಣಿಯಲ್ಲಿ ಹೇಳಿದ್ದಾರೆ. ಪಕ್ಕದ ಮನೆಯ ಅಂಬಾಬಾಯಿ ಮಗಳು ಸುಹಾಸಿನಿಯನ್ನು ಕರೆದುಕೊಂಡು ಬಂದಿದ್ದಳು. ಇಬ್ಬರೂ ದೇವರಮನೆಯ ಹೊಸ್ತಿಲಲ್ಲಿ ಕೂತು ಕಾದು, ನಾನು ನಡುಗುವುದನ್ನು ನೋಡಿ ಅಡ್ಡಬಿದ್ದು ಹೋದರು. ಹೋದ ವರ್ಷ ಇದೇ ಅಂಬಾಬಾಯಿ, ನನ್ನ ನಾಲಿಗೆಗೆ ಹೆದರಿ ಈ ಮನೆಯಲ್ಲಿ ಅರಿಷಿಣ ಕುಂಕುಮಕ್ಕೂ ಯಾರೂ ಬರುವುದಿಲ್ಲ ಎಂದು ಆಡಿಕೊಂಡಿದ್ದಳು.

ದತ್ತೂ ಮಾತ್ರ ಮುಖ ಗಂಟಿಕ್ಕಿದ್ದಾನೆ. ಡಾಕ್ಟರರಿಗೆ ಒಂದು ಮಾತು ಹೇಳೋಣ ಎಂದ. ದೇವರ ವಿಷಯ ಡಾಕ್ಟರರಿಗೆ ಏಕೆ ಎಂದು ಕೇಳಿದೆ. ಇದು ಹೆಂಡತಿ ಕಲಿಸಿಕೊಟ್ಟ ಮಾತು. ಅವನಿಗೆ ತಾನಾಗಿ ಇಷ್ಟು ಹೊಳೆಯುವುದಿಲ್ಲ.

೩ ಆಗಸ್ಟ್

ಎಂಟು ಹತ್ತು ದಿನವಾಯಿತು, ಏನೂ ಇಲ್ಲ. ಆಚಾರ್ಯರು ತಡವಾಗಿ ಬಂದರೂ ಇಲ್ಲ. ಕೈ ಕಲ್ಲಿನ ಹಾಗೆ ನಿಶ್ಚಲ. ಅಂಬಾಬಾಯಿ ಇವತ್ತು ಇನ್ನಿಬ್ಬರನ್ನು ಕರೆತಂದಿದ್ದಳು. ಕೂತು ಕೂತು ಬೇಸತ್ತು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಒಬ್ಬೊಬ್ಬರಾಗಿ ಎದ್ದು ಹೋದರು.

ನಾನು ಯಾವ ನೇಮ ತಪ್ಪಿದ್ದೇನೆ? ಹನಿ ಔಷಧಕ್ಕೆ ಸಹ ಕಂಪೌಂಡರನ ನೀರು ಮುಟ್ಟಿದವಳಲ್ಲ. ಬೆಳ್ಳಿ ಬಟ್ಟಲಿನಲ್ಲಿ ಮನೆಯ ಮಡಿನೀರು ತೆಗೆದಿರಿಸಿ ಅದರಲ್ಲಿ ನಾನೇ ಹನಿ ಹಾಕಿಕೊಂಡು, ಜಪಕ್ಕೆ ಕೂರುವ ಮುಂಚೆ ಕುಡಿಯುತ್ತೇನೆ.

೯ ಆಗಸ್ಟ್

ಕೈ ಇನ್ನೂ ನಡುಗುತ್ತಿದೆ. ಇದು ಬೇರೆ ನಡುಕ.

ಬೆಳಿಗ್ಗೆ ಬೆಳ್ಳಿ ಬಟ್ಟಲಿನ ಸುತ್ತ ಇರುವೆ ಮುತ್ತಿದ್ದವು. ಬರಿಯ ನೀರಿಗೆ ಇರುವೆ ಏಕೆ ಬರಬೇಕು? ಹನಿ ಹಾಕುವ ಮೊದಲು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಪಾನಕದಷ್ಟು ಸಿಹಿ. ಔಷಧದ ಕಹಿಯಲ್ಲಿ ಇಷ್ಟು ದಿನ ನನಗೆ ತಿಳಿದಿರಲಿಲ್ಲ.

ಕರೆದು ಕೇಳಿದೆ. ದತ್ತೂನ ಹೆಂಡತಿ ಸುಳ್ಳು ಹೇಳಲಿಲ್ಲ, ಅಷ್ಟು ಹೇಳಬೇಕು. "ನಾನ ಹಾಕೇನ್ರಿ ಅತ್ಯಾರ," ಎಂದಳು. "ನೀವು ನಡಗೂದು ನೋಡಲಿಕ್ಕೆ ಆಗಲಿಲ್ಲ. ಆಚಾರ್ಯರು ಬಾಳೆಹಣ್ಣು ಕೊಟ್ಟ ಕೂಡಲೆ ನಿಲ್ಲತಿತ್ತು. ಊಟಾ ಅಂತೂ ಒಲ್ಲೆ ಅಂತೀರಿ. ನೀರಾಗರೆ ಹೋಗಲಿ ಅಂತ ಹಾಕಿದೆ."

ಸಕ್ಕರೆ ರೋಗದವಳಿಗೆ ಸಕ್ಕರೆ. ಅದೂ ಮಡಿನೀರಿನಲ್ಲಿ, ಕಣ್ಣು ತಪ್ಪಿಸಿ. ದೇವರು ನನ್ನನ್ನು ಬಿಟ್ಟು ಹೋಗಿದ್ದು ಸುಮ್ಮನೆ ಅಲ್ಲ.

ದತ್ತೂನ ಎದುರಿಗೇ ಹೇಳಿದೆ: "ಈ ಮನಿಗೆ ಒಂದು ಜೀವಾ ಕೊಡಲಿಕ್ಕೆ ನಿನ್ನ ಕಡಿಂದ ಆಗಲಿಲ್ಲ. ಇದ್ದ ಜೀವಾ ತಗೀಲಿಕ್ಕೆ ನಿಂತೀ ಏನು?"

ಅವಳು ದತ್ತೂನ ಕಡೆ ನೋಡಿದಳು. ಅವನು ನೆಲ ನೋಡಿದ.

೧೦ ಆಗಸ್ಟ್

ಟಾಂಗಾ ತರಿಸಿ ಅವಳನ್ನು ಹೆಬ್ಬಳ್ಳಿಗೆ, ತವರಿಗೆ ಕಳಿಸಿದೆ. ದತ್ತೂ ಬಿಟ್ಟು ಬಂದ. ಊಟ ಮಾಡಲಿಲ್ಲ. ಅಡಿಗೆ ನಾನೇ ಮಾಡಿದೆ. ನಡುವೆ ನಾಲ್ಕು ಸಲ ಕೂತುಕೊಳ್ಳಬೇಕಾಯಿತು, ಉಸಿರು ಸಾಲದು.

೨೧ ಆಗಸ್ಟ್

ಮರಳಿ ಬಂದಿದೆ. ಮೊದಲಿನದಕ್ಕಿಂತ ಎರಡು ಪಟ್ಟು.

ಅಂಬಾಬಾಯಿ ಇವತ್ತು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಳಂತೆ. ಉಪ್ಪಿನಬೆಟಗೇರಿಯ ಹುಡುಗನೊಬ್ಬ ಸುಹಾಸಿನಿಯನ್ನು ನೋಡಿ ಒಪ್ಪಿದ್ದಾನೆ. ಸಾಲಿ ಮಾಸ್ತರ, ಎರಡು ಎಕರೆ ಎರೆಹೊಲ, ಮನೆಯಲ್ಲಿ ತಾಯಿಯೊಬ್ಬಳೇ. ತುಳಸಿ ಲಗ್ನವಾದ ಮೇಲೆ ಮದುವೆ ಮಾಡಬಹುದೇ ಎಂದು ದೇವರನ್ನು ಕೇಳಬೇಕಾಗಿತ್ತು. ಸುಹಾಸಿನಿಯೂ ಜೊತೆಗಿದ್ದಳು. ಹುಡುಗನ ಮಾತು ಬಂದಾಗ ಆ ಹುಡುಗಿ ಕಂಬದ ಹಿಂದೆ ಸರಿದು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲಿನದು ನೆನಪಿಲ್ಲ. ನಾನು "ದೀಪಾ ಎಲ್ಲ್ಯದ? ದೀಪಾ ಇಲ್ಲ, ಕತ್ತಲಿ ಅದ," ಎಂದೆನಂತೆ. ಹಾಗೆಂದು ಆಚಾರ್ಯರು ಹೇಳಿದರು. ಕಣ್ಣಿಗೆ ಕತ್ತಲೆ ಕಟ್ಟಿದ ಹಾಗಾಗಿದ್ದು ನಿಜ. ಆ ಹುಡುಗನ ಮನೆಯಲ್ಲಿ ದೀಪ ಉರಿಯುವುದಿಲ್ಲ ಎಂದು ಅದರ ಅರ್ಥ ಎಂದು ಆಚಾರ್ಯರೇ ಬಿಡಿಸಿ ಹೇಳಿದರು. ಅಂಬಾಬಾಯಿ ಅಳುತ್ತ ಹೋದಳಂತೆ.

ನಾನು ಹೇಳಿದ್ದಲ್ಲ. ನನ್ನ ಬಾಯಿಂದ ಬಂದದ್ದು, ಅಷ್ಟೇ.

೨ ಸೆಪ್ಟೆಂಬರ್

ಅಂಬಾಬಾಯಿ ಉಪ್ಪಿನಬೆಟಗೇರಿಗೆ ಬೇಡವೆಂದು ಹೇಳಿ ಕಳಿಸಿದ್ದಾಳೆ. ಹುಡುಗ ತಾನೇ ಬಂದು ಕಾರಣ ಕೇಳಿದನಂತೆ. ನನ್ನ ಹೆಸರು ಹೇಳಿದರಂತೆ. ಹಿತ್ತಲಿನ ಗೋಡೆಯ ಆಚೆ ಸುಹಾಸಿನಿ ಪಾತ್ರೆ ತಿಕ್ಕುವ ಸಪ್ಪಳ ಬಹಳ ಹೊತ್ತು ಕೇಳಿತು. ಅಷ್ಟು ಹೊತ್ತು ತಿಕ್ಕುವಷ್ಟು ಪಾತ್ರೆ ಆ ಮನೆಯಲ್ಲಿ ಇಲ್ಲ.

ದತ್ತೂ ಭಾನುವಾರ ಹೆಬ್ಬಳ್ಳಿಗೆ ಹೋಗಿ ಬರುತ್ತಾನೆ. ನನಗೆ ಹೇಳುವುದಿಲ್ಲ. ಚಪ್ಪಲಿಗೆ ಹತ್ತಿದ ಎರೆಮಣ್ಣು ಹೇಳುತ್ತದೆ.

ಹಾಜರಾಬಿ ಇವತ್ತು, "ನಿಮ್ಮ ಸೊಸಿ ಮಂದಾಕಿನಿಬಾಯಾರು ಯಾವಾಗ ಬರತಾರ್ರಿ? ನೀವು ಸೊರಗಾಕತ್ತೀರಿ," ಎಂದಳು. ನಿನ್ನ ಕೆಲಸ ನೋಡು ಎಂದೆ.

೨೩ ಸೆಪ್ಟೆಂಬರ್

ಪಿತೃಪಕ್ಷ ನಡೆದಿದೆ. ಆಚಾರ್ಯರಿಗೆ ದಿನವೂ ಒಂದೆರಡು ಮನೆಯ ಶ್ರಾದ್ಧ. ನಾಳೆ ತಡವಾದೀತು ಎಂದು ಹೇಳಿ ಹೋಗಿದ್ದಾರೆ. ಆಗಲಿ. ಕಾಯುವುದು ನನಗೆ ಹೊಸದಲ್ಲ.

೩ ಅಕ್ಟೋಬರ್

ಇಷ್ಟು ದಿನ ಬರೆಯಲು ಬಿಡಲಿಲ್ಲ. ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ನನಗೆ ನೆನಪಿರುವುದು ಜಪದ ಮಣಿ ಕೈಯಿಂದ ಜಾರಿದ್ದು ಮಾತ್ರ.

೨೪ರಂದು ಮಧ್ಯಾಹ್ನವಾದರೂ ಆಚಾರ್ಯರು ಬಂದಿರಲಿಲ್ಲ. ಓಣಿಯ ಹೆಂಗಸರು ಬಂದಿದ್ದರು. ನಾನು ಪಕ್ಕಕ್ಕೆ ಒರಗಿದೆನಂತೆ. ಕಣ್ಣು ತೆರೆದೇ ಇದ್ದವಂತೆ, ಕೂಗಿದರೆ ಓಗೊಡಲಿಲ್ಲವಂತೆ. ಸಮಾಧಿ ಹತ್ತಿತೆಂದು ಯಾರೋ ಹೇಳಿದರು. ಯಾರೂ ಮುಟ್ಟಲಿಲ್ಲ, ನಾನು ಮಡಿಯಲ್ಲಿದ್ದೆ. ಕರ್ಪೂರ ಹಚ್ಚಿಟ್ಟು, ಸುತ್ತ ಕೂತು ಹಾಡು ಶುರು ಮಾಡಿದರು. ದತ್ತೂ ಮನೆಯಲ್ಲಿ ಮರೆತ ಕಾಗದಕ್ಕೆಂದು ಕಚೇರಿಯಿಂದ ಬಂದವನು, ಹಾಡುವ ಹೆಂಗಸರ ನಡುವೆ ನನ್ನನ್ನು ಕಂಡ. ಬೂಟುಗಾಲಿನಲ್ಲೇ ದೇವರಮನೆಗೆ ನುಗ್ಗಿದನಂತೆ. ಬೆಲ್ಲ ಅರೆದು ನನ್ನ ಒಸಡಿಗೆ ತಿಕ್ಕಿದನಂತೆ. ಬೆಲ್ಲವೇ ಬೇಕೆಂದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಗಡಿಗೆಯ ಉಸುಕಿಗೆ ನೀರು ಹಾಕಲು ಎದ್ದು ಹೋದ. ಹೆಬ್ಬಳ್ಳಿಯಲ್ಲಿ ಅವನಿಗೆ ಯಾರು ಏನು ಹೇಳಿಕೊಟ್ಟಿದ್ದರೆಂದು ನನಗೂ ಊಹಿಸಲು ಬರುತ್ತದೆ.

ಡಾಕ್ಟರರು ಹುಬ್ಬಳ್ಳಿಯಿಂದ ಬಂದು ರಕ್ತನಾಳದಲ್ಲಿ ಗ್ಲೂಕೋಸ್ ಕೊಟ್ಟ ಮೇಲೆ ನನಗೆ ಪೂರ್ತಿ ಎಚ್ಚರ. ಈ ಸಲ ಅವರು ನಗಲಿಲ್ಲ. ಬೆಳಗಿನ ನನ್ನ ಕ್ರಮವನ್ನೆಲ್ಲ, ಮಡಿನೀರಿನ ಸಕ್ಕರೆಯ ಸಂಗತಿಯನ್ನೂ ಕೇಳಿಕೊಂಡರು. ಸೂಜಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಮೇಲೆ ಅನ್ನ ಬೀಳದಿದ್ದರೆ ಇಳಿಯುತ್ತಲೇ ಹೋಗುತ್ತದೆ ಎಂದರು. ನಡುಕ, ಬೆವರು, ಎರಡು ದೀಪ, ಬಡಬಡಿಕೆ, ಎಲ್ಲ ಅದರದೇ. ನನ್ನಂಥ ಸೋತ ಹೃದಯಕ್ಕೆ ಅಂಥದ್ದು ಇನ್ನೊಂದು ಸಲ ಆದರೆ ಬದುಕಿನ ಮಾತಿಲ್ಲವಂತೆ.

"ಇನ್ಸುಲಿನ್ ಆಚಾರ್ಯರ ದಾರಿ ಕಾಯೂದಿಲ್ಲ, ಬಾಯಾರ," ಎಂದರು. ಆಮೇಲೆ, "ಆ ನೀರಾಗ ಸಕ್ಕರಿ ಯಾರು ಹಾಕತಿದ್ರು? ಅವರು ಹಾಕಿದಷ್ಟು ದಿವಸ ನೀವು ನೆಟ್ಟಗ ಇದ್ರಿ. ಆದರ ಅವರೂ ನನಗ ಹೇಳಬೇಕಾಗಿತ್ತು," ಎಂದರು.

ಹೇಳಗೊಡದವರು ಯಾರು ಎಂದು ಅವರು ಕೇಳಲಿಲ್ಲ.

ಹಾಗಾದರೆ ದೇವರು ಬಂದೇ ಇರಲಿಲ್ಲ. ಒಂದು ದಿನವೂ.

೪ ಅಕ್ಟೋಬರ್

ಮಹಾಲಯ ಅಮಾವಾಸ್ಯೆ. ಸೂಜಿಯಾದ ಕೂಡಲೇ ಉಂಡೆ. ಸ್ನಾನವಿಲ್ಲದೆ, ಪೂಜೆಯಿಲ್ಲದೆ. ಅನ್ನವನ್ನು ನೀರು ಕುಡಿದು ಇಳಿಸಿದೆ. ಉಂಡವಳಿಗೆ ಮಡಿ ಇಲ್ಲ, ಆದ್ದರಿಂದ ದೇವರಮನೆಗೂ ಹೋಗಲಿಲ್ಲ. ಆಚಾರ್ಯರು ಒಬ್ಬರೇ ಪೂಜೆ ಮಾಡಿ ಗಂಟೆ ಬಾರಿಸಿದರು. ನಾನು ಪಡಸಾಲೆಯಲ್ಲಿ ಕೂತು ಕೇಳಿದೆ.

೯ ಅಕ್ಟೋಬರ್

ದತ್ತೂ ಹೋಗಿ ಕರೆದುಕೊಂಡು ಬಂದ. ನಾನು ಹೋಗು ಎಂದಿರಲಿಲ್ಲ, ಬೇಡ ಎಂದೂ ಇರಲಿಲ್ಲ.

ಮೊದಲು ಬರುವುದಿಲ್ಲ ಎಂದಳಂತೆ. ಆಮೇಲೆ ಒಂದು ಮಾತಿನ ಮೇಲೆ ಒಪ್ಪಿದಳಂತೆ: ಅತ್ತೆಯ ಊಟದ ಹೊತ್ತು ತನ್ನ ಕೈಯಲ್ಲಿರಬೇಕು, ಅದರಲ್ಲಿ ಯಾರೂ ಬಾಯಿ ಹಾಕಕೂಡದು. ಒಳಗೆ ಬಂದವಳು ನಮಸ್ಕಾರ ಮಾಡಿದಳು. ಮುಖ ನೋಡಲಿಲ್ಲ. ಮಾತು ಏನಾದರೂ ಆಡಬೇಕೆಂದು ನಾನು, ಹೆಬ್ಬಳ್ಳಿಯಲ್ಲಿ ಜೋಳ ಹೇಗಿದೆ ಎಂದು ಕೇಳಿದೆ. "ಛಲೋ ಅದರಿ," ಎಂದು ಒಳಗೆ ಹೋದಳು.

ಅಂದು ನಾನು ಆಡಿದ ಮಾತು ಅವಳ ಹತ್ತಿರ ಇದೆ. ಅದನ್ನು ಅವಳು ತಿರುಗಿ ಕೊಡುವುದಿಲ್ಲ, ಬಿಸಾಡುವುದೂ ಇಲ್ಲ.

೨೮ ಅಕ್ಟೋಬರ್

ಕಾಲಿನ ಬಾವು ಇಳಿದಿದೆ. ಮಂದಾಕಿನಿ ದಿನವೂ ಹೇಳುವುದು ಒಂದೇ: "ಅತ್ಯಾರ, ತಾಟು ಹಾಕೇನಿ." ನಾನು ಉಣ್ಣುವವರೆಗೆ ಗೋಡೆಗೆ ಆತು ನಿಂತಿರುತ್ತಾಳೆ. ಹನಿ ಔಷಧವನ್ನೂ ಈಗ ಅವಳೇ ಎಣಿಸಿ ಹಾಕುತ್ತಾಳೆ. ನನ್ನ ಕಣ್ಣಿಗೆ ಹನಿ ಸರಿಯಾಗಿ ಕಾಣುವುದಿಲ್ಲ ಎಂದೆ. ಕಾಣುತ್ತದೆ.

೨೮ ನವೆಂಬರ್

ಓಣಿಯ ಹೆಂಗಸರು ಇನ್ನೂ ನಂಬಿದ್ದಾರೆ. ಡಾಕ್ಟರ ಬಂದು ಸಮಾಧಿ ಕೆಡಿಸಿದ ಎಂದು ಹೇಳಿಕೊಳ್ಳುತ್ತಾರಂತೆ. ನಾನು ಇಲ್ಲವೆಂದಿರಲಿಲ್ಲ. ಯಾರೂ ನನ್ನನ್ನು ನೇರವಾಗಿ ಕೇಳಿರಲಿಲ್ಲ ಎಂದು ಇಷ್ಟು ದಿನ ಸುಮ್ಮನಿದ್ದೆ.

ಇವತ್ತು ಹಾಜರಾಬಿ ಚುಚ್ಚಿ ಹೋದಳು. ಮಂದಾಕಿನಿ ನಡುಮನೆಯಲ್ಲಿ ತಾಟು ತಂದಿಡುವಷ್ಟರಲ್ಲಿ ಅಂಬಾಬಾಯಿ ಸುಹಾಸಿನಿಯನ್ನು ಕರೆದುಕೊಂಡು ಬಂದಳು. ಉಪ್ಪಿನಬೆಟಗೇರಿಯ ಹುಡುಗನಿಗೆ ಗದಗಿನ ಕಡೆಯ ಹೆಣ್ಣು ಗೊತ್ತಾಗಿದೆ, ಬರುವ ವಾರ ಮದುವೆ. ಅದನ್ನು ಅವಳು ಸಮಾಧಾನದಿಂದಲೇ ಹೇಳಿದಳು, ಪಾಪ ಆ ಗದಗಿನ ಹುಡುಗಿ, ಕತ್ತಲೆಯ ಮನೆ ಸೇರಿದಳು ಎಂದು. ಈಗ ಸುಹಾಸಿನಿಗೆ ಬಾಗಲಕೋಟೆಯ ಸಂಬಂಧ ಬಂದಿದೆಯಂತೆ. ಎರಡನೆಯ ಸಂಬಂಧ, ಮೊದಲ ಹೆಂಡತಿಯ ಮಕ್ಕಳು ಇದ್ದಾರೆ. ವಯಸ್ಸು ಎಷ್ಟು ಎಂದು ಕೇಳಿದೆ. ಹಲ್ಲು ಗಟ್ಟಿ ಇವೆ ಎಂದಳು.

"ಕಾಕು, ನೀವು ಒಂದು ಸಲ ದೇವರ ಮುಂದ ಕೂಡ್ರಿ. ನಿಮ್ಮ ಬಾಯಿಂದ ಹೂಂ ಅಂತ ಬಂದರ ನನಗ ಧೈರ್ಯ."

ಸುಹಾಸಿನಿ ಕಂಬದ ಹಿಂದೆ ಸರಿಯಲಿಲ್ಲ ಈ ಸಲ. ತಾಯಿಯ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು.

ತಾಟು ಒಳಗೆ ಒಯ್ಯಿ ಎಂದು ಮಂದಾಕಿನಿಗೆ ಕಣ್ಸನ್ನೆ ಮಾಡಿದೆ. ಜನ ಹೋದ ಮೇಲೆ ಉಣ್ಣಬಹುದೆಂದು. ಅವಳಿಗೆ ಕಂಡಿತು. ಕದಲಲಿಲ್ಲ. "ಅತ್ಯಾರ, ಹೊತ್ತಾತು. ಉಣ್ಣರಿ."

ಜೋಳದ ಭಕ್ಕರಿ ಮುರಿದೆ. ಪೂಜೆಗೆ ಮುಂಚೆ, ಹೊರಗಿನವರ ಎದುರಿಗೆ. ಅಂಬಾಬಾಯಿ ಒಂದು ಗಳಿಗೆ ಬಾಯಿ ತೆರೆದು ನೋಡಿದಳು. ಆಮೇಲೆ ಕೈಮುಗಿದು, "ಖರೇ ಅದ. ನಿಮ್ಮಂಥಾವರಿಗೆ ಇನ್ನ ಮಡಿ ಯಾತರದು," ಎಂದಳು. ಅಲ್ಲಿಗೆ ಬಿಟ್ಟಿದ್ದರೆ ಅದೂ ನಡೆದುಹೋಗುತ್ತಿತ್ತು. ನಾನು ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗುತ್ತಿದ್ದೆ.

"ಅಂಬಾ," ಎಂದೆ. "ನನ್ನ ಮೈಮ್ಯಾಲೆ ಯಾರೂ ಬರತಿದ್ದಿಲ್ಲ. ಸೂಜಿ ಹಾಕಿಸಿಕೊಂಡು ಉಣ್ಣದ ಕೂಡತಿದ್ದೆ. ಹೊಟ್ಟ್ಯಾಗ ಏನೂ ಇಲ್ಲದ್ದಕ್ಕ ನಡಗತಿದ್ದೆ. ಅಂದು ಅಂದದ್ದೂ ಅದ. ನನ್ನ ಕಣ್ಣಿಗೆ ಕತ್ತಲಿ ಬಂದಿತ್ತು, ಆ ಮನ್ಯಾಗ ಅಲ್ಲ. ಬಾಗಲಕೋಟೀದು ನನ್ನ ಕೇಳಬ್ಯಾಡ. ನಿನ್ನ ಮಗಳನ್ನ ಕೇಳು."

ಅಂಬಾಬಾಯಿ ನಕ್ಕಳು, ನಾನು ಏನೋ ತಮಾಷೆ ಮಾಡಿದೆನೆಂದು. ನಾನು ತಮಾಷೆ ಮಾಡುವವಳಲ್ಲವೆಂದು ನೆನಪಾಗಿ ನಗು ನಿಂತಿತು. ಮಂದಾಕಿನಿಯ ಕಡೆ ನೋಡಿದಳು.

ಮಾತಾಡಿದವಳು ಸುಹಾಸಿನಿ. ಅವಳ ದನಿಯನ್ನು ನಾನು ಮೊದಲ ಸಲ ಸರಿಯಾಗಿ ಕೇಳಿದ್ದು ಇವತ್ತೇ. ಏರಿದ ದನಿಯಲ್ಲ.

"ಹಂಗಾರ ನನ್ನ ಲಗ್ನಾ ಮುರದದ್ದು ನಿಮ್ಮ ಹಸಿವೀಗೇನ್ರಿ, ಅಜ್ಜಿ?"

ಉತ್ತರಕ್ಕೆ ಕಾಯುತ್ತ ನಿಂತಳು. ನನ್ನ ಬಾಯಲ್ಲಿ ಉಪ್ಪಿಲ್ಲದ ತುತ್ತಿತ್ತು. ಉಗುಳುವ ಹಾಗಿರಲಿಲ್ಲ, ತಾಟು ಸರಿಸಿ ಎದ್ದು ಹೋಗುವ ಹಾಗೂ ಇರಲಿಲ್ಲ. ಸೂಜಿ ಚುಚ್ಚಿಯಾಗಿತ್ತು. ಮಂದಾಕಿನಿ ಬಾಗಿ ಇನ್ನರ್ಧ ಭಕ್ಕರಿ ಹಾಕಿದಳು. ಆ ಹುಡುಗಿ ನೋಡುತ್ತಿದ್ದ ಹಾಗೆಯೇ ಪೂರ್ತಿ ಉಂಡೆ.